ಕೆಳಗಿನ ಗದ್ದೆಯ ನೀರು

ನಮ್ಮ ಮನೆಯಲ್ಲಿ ಹಡೆದವಳಿಗೆ ಅವ್ವ ಅಂತೇವೆ, ಅವಳ ಅತ್ತೆಗೆ ಅಮ್ಮ. ಹನುಮನಹಳ್ಳಿಯಲ್ಲಿ ಅಮ್ಮನ ಹೆಸರಿಗೆ ಒಂದು ತುಂಡು ಗದ್ದೆಯಿತ್ತು. ಉತಾರದಲ್ಲಿದ್ದ ತನ್ನ ಹೆಸರನ್ನು ಓದಲು ಅವಳಿಗೆ ಬರುತ್ತಿರಲಿಲ್ಲ, ಆದರೆ ಆ ಗದ್ದೆಯ ನೀರು ಎಲ್ಲಿಂದ ಬಂದು ಯಾರ ಹೊಲಕ್ಕೆ ಹೋಗುತ್ತದೆ ಎಂಬುದು ಕಣ್ಣು ಮುಚ್ಚಿದರೂ ಗೊತ್ತಿತ್ತು. ಆ ಗದ್ದೆಯನ್ನು ಹಾಳು ಮಾಡಿದವನು ನಾನು. ಅದನ್ನು ಬಿಟ್ಟು ಅವಳ ಬಗ್ಗೆ ಬರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ.

ಅಮ್ಮನ ತವರು ಕುಷ್ಟಗಿ ಕಡೆ. ಸಜ್ಜೆ ಬೆಳೆದರೆ ಉಂಟು, ಮಳೆ ಕೈಕೊಟ್ಟರೆ ಅದೂ ಇಲ್ಲ ಎನ್ನುವ ಸೀಮೆ. ರಜಾಕಾರರ ಗದ್ದಲದ ಕಾಲಕ್ಕೆ ತಾನು ಅವ್ವನ ಕಂಕುಳಲ್ಲಿದ್ದ ಕೂಸು ಎಂದು ಹೇಳುತ್ತಿದ್ದಳು. ವಯಸ್ಸಿನ ಲೆಕ್ಕ ಅವಳಿಗೆ ಗೊತ್ತಿದ್ದದ್ದು ಅಷ್ಟೇ. ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ನೀರು ಹರಿಯಲು ಶುರುವಾದ ಹಲವು ವರ್ಷಗಳ ಮೇಲೆ ಮದುವೆಯಾಗಿ ನಮ್ಮೂರಿಗೆ ಬಂದಳು. ನದಿಯ ಈ ದಂಡೆಯಲ್ಲಿ ಅಣೆಕಟ್ಟೆಗೂ ಮೊದಲೇ ವಿಜಯನಗರದ ಅರಸರ ಕಾಲದ ಕಾಲುವೆಗಳಿದ್ದವು. ಈಗಲೂ ಹರಿಯುತ್ತವೆ. ಹೊಸ ಸೊಸೆಯಾಗಿ ಬಂದ ದಿನವೇ ಕಾಲುವೆಯ ದಂಡೆಯಲ್ಲಿ ಕೂತು ನೀರು ನೋಡುತ್ತಿದ್ದಳಂತೆ, ಅತ್ತೆ ಬಂದು ಕರೆದೊಯ್ಯುವ ತನಕ. ನೀರಿನ ಊರಲ್ಲಿ ಹುಟ್ಟಿದ ನಮಗೆ ಇದು ಅರ್ಥವಾಗುವುದು ಕಷ್ಟ.

ಹನುಮ ಹುಟ್ಟಿದ ಬೆಟ್ಟವೆಂದು ನಾವು ನಂಬುವ ಅಂಜನಾದ್ರಿ ನಮ್ಮ ಮಗ್ಗುಲಲ್ಲೇ ಇದೆ. ಮೊಣಕಾಲು ಹೋದ ಮೇಲೆ ಅಮ್ಮನಿಗೆ ಆ ನೂರಾರು ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಅಂಗಳಕ್ಕೆ ಥಳಿ ಹೊಡೆದು, ಬೆಟ್ಟದ ಕಡೆ ತಿರುಗಿ ಕೈ ಮುಗಿದರೆ ಅವಳ ಪೂಜೆ ಮುಗಿಯಿತು. ಶನಿವಾರ ಒಪ್ಪತ್ತು. ದಿನಾ ಅಕ್ಕಿ ತೊಳೆಯುವ ಮುಂಚೆ ಒಂದು ಹಿಡಿ ದೇವರ ಮೀಸಲು ಗಡಿಗೆಗೆ. ಪ್ರತಿ ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ ಬಂತೆಂದರೆ ಓಣಿಯ ಹೆಂಗಸರ ಜೊತೆ ಕೂತು ದಾಸೋಹಕ್ಕೆ ರೊಟ್ಟಿ ಬಡಿಯುತ್ತಿದ್ದಳು. ಊರೂರಿನಿಂದ ಟ್ರ್ಯಾಕ್ಟರುಗಳಲ್ಲಿ ಹೋಗುವ ಆ ರೊಟ್ಟಿಗಳ ರಾಶಿಯಲ್ಲಿ ತನ್ನದು ಯಾವುದೆಂದು ದೇವರಿಗೂ ಗೊತ್ತಾಗದಿದ್ದರೆ ಚಲೋ ಎನ್ನುತ್ತಿದ್ದಳು. ಬೇಸಗೆಯ ಶನಿವಾರಗಳಲ್ಲಿ ಬೆಟ್ಟ ಇಳಿದು ಬರುವವರಿಗೆ ರಸ್ತೆಯ ಪಕ್ಕದಲ್ಲಿ ಮಜ್ಜಿಗೆಯ ಹರವಿ ಇಡುತ್ತಿದ್ದಳು. ಮನೆಯಲ್ಲಿ ಒಂದೇ ಎಮ್ಮೆ. ವಾರವಿಡೀ ನಮಗೆ ನೀರು ಮಜ್ಜಿಗೆ, ಶನಿವಾರ ಗಟ್ಟಿ ಮಜ್ಜಿಗೆ ಪರವೂರಿನವರಿಗೆ. ಚಿಕ್ಕಂದಿನಲ್ಲಿ ಇದಕ್ಕೆ ನಾನು ಜಗಳವಾಡಿದ್ದೇನೆ.

2020ರಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರಿನ ಕೆಲಸ ಹೋಗಿ ಊರಿಗೆ ಬಂದೆ. ಅದೇ ವರ್ಷದ ಫೆಬ್ರುವರಿಯಲ್ಲಿ ವಿರೂಪಾಪುರ ಗಡ್ಡೆಯ ರೆಸಾರ್ಟುಗಳ ವಿರುದ್ಧ ಸುಪ್ರೀಂ ಕೋರ್ಟಿನ ತೀರ್ಪು ಬಂದು, ಮಾರ್ಚಿನಲ್ಲಿ ಜೆಸಿಬಿಗಳು ಅವನ್ನು ಕೆಡವಿದ್ದವು. ನಮ್ಮ ಪಕ್ಕದಲ್ಲೇ ಆದದ್ದು. ಹಂಪಿಯ ವಿಶ್ವ ಪರಂಪರೆ ಪ್ರದೇಶ ಎಂದರೆ ಹೊಳೆಯಾಚೆಯ ಗುಡಿಗಳು ಮಾತ್ರವಲ್ಲ, ಈಚೆಯ ನಮ್ಮ ಊರುಗಳೂ ಅದರ ಪ್ರಾಧಿಕಾರದ ವ್ಯಾಪ್ತಿಯಲ್ಲಿವೆ, ಭತ್ತದ ಗದ್ದೆಯಲ್ಲಿ ಕಂಬ ನೆಡಲೂ ಪರವಾನಗಿ ಬೇಕು ಎಂದು ಅದನ್ನು ನೋಡಿದವರೆಲ್ಲ ತಿಳಿದುಕೊಂಡರು. ನಾನು ತಿಳಿದುಕೊಂಡದ್ದು ಬೇರೆ: ಗಡ್ಡೆ ಮುಚ್ಚಿತು, ಇನ್ನು ಜನ ನಮ್ಮ ಕಡೆ ಬರುತ್ತಾರೆ.

ಅಮ್ಮನ ಗದ್ದೆಯಲ್ಲಿ ಹೋಂಸ್ಟೇ ಗುಡಿಸಲು ಹಾಕುತ್ತೇನೆ ಎಂದೆ. ಅಪ್ಪನನ್ನು ಒಪ್ಪಿಸಲು ವಾರಗಟ್ಟಲೆ ಹಿಡಿಯಿತು. ಅಮ್ಮನಿಗೆ ಹೆಚ್ಚು ಹೇಳಬೇಕಾಗಲಿಲ್ಲ. "ನಿನಗ ನೆಟ್ಟಗ ಆಗ್ತದೇನು ತಮ್ಮಾ?" ಎಂದು ಕೇಳಿದಳು. ಆಗುತ್ತದೆ ಎಂದೆ. ಹೆಬ್ಬೆಟ್ಟು ಒತ್ತಿದಳು. ಬೋರಮಾಳ ಸರವನ್ನೂ ಬಿಚ್ಚಿಕೊಟ್ಟಳು, ಅಡವಿಡಲು. ಅವಳು ಕಾಗದದ ಬಗ್ಗೆ ಕೇಳಲಿಲ್ಲ, ನಾನು ಗದ್ದೆ ಎನ್‌ಎ, ಅಂದರೆ ಕೃಷಿಯೇತರ ಜಮೀನು, ಆಗಿಲ್ಲ ಎಂದು ಹೇಳಲಿಲ್ಲ. ಅವಳ ನಂಬಿಕೆಯನ್ನು ನಾನು ಬಳಸಿಕೊಂಡೆ. ಇವತ್ತಿಗೂ ಇದಕ್ಕಿಂತ ಮೆತ್ತನೆಯ ಮಾತು ನನಗೆ ಸಿಕ್ಕಿಲ್ಲ.

ಗದ್ದೆಗೆ ಗರಸು ತುಂಬಿಸಿದೆ. ನಮ್ಮ ಕಡೆ ನೀರು ಗದ್ದೆಯಿಂದ ಗದ್ದೆಗೆ ಇಳಿಯುತ್ತದೆ. ಮೇಲಿನವನು ಬದುವಿನ ಬಾಯಿ ಬಿಟ್ಟರೆ ಕೆಳಗಿನವನಿಗೆ ಊಟ. ನಾನು ಗರಸಿನ ಅಡಿಯಲ್ಲಿ ಒಂದು ಪೈಪು ಹಾಕಿಸಿ, ಕೆಳಗಿನ ಗದ್ದೆಗೆ ಅದು ಸಾಕು ಎಂದುಕೊಂಡೆ. ಮುಂದಿನ ವರ್ಷದ ಮುಂಗಾರಿನಲ್ಲಿ ಅದು ಹೂಳು ತುಂಬಿ ಕಟ್ಟಿಕೊಂಡಿತು. ನಾನು ಆಗ ಗುಡಿಸಲುಗಳಿಗೆ ಬಣ್ಣ ಹೊಡೆಸುತ್ತಿದ್ದೆ. ಕೆಳಗಿನ ಗದ್ದೆಯವರು ಬಂದು ಹೇಳಿದರು, ನಾಳೆ ನೋಡುತ್ತೇನೆ ಎಂದೆ. ಮತ್ತೆ ಬಂದರು, ಮತ್ತೆ ನಾಳೆ ಎಂದೆ. ಭತ್ತ ಹೊಡೆ ಬಿಚ್ಚುವ ಹೊತ್ತಿಗೆ ನೀರು ತಪ್ಪಿದರೆ ತೆನೆ ನೆಟ್ಟಗೆ ನಿಂತಿರುತ್ತದೆ, ಒಳಗೆ ಕಾಳಿರುವುದಿಲ್ಲ. ಅವರ ಅರ್ಧ ಗದ್ದೆ ಜೊಳ್ಳಾಯಿತು.

ಅವರು ಜಗಳಕ್ಕೆ ಬರಲಿಲ್ಲ. ಅಮ್ಮನಿಗೂ ದೂರು ಹೇಳಲಿಲ್ಲ. ಅಮ್ಮನೇ ರಾಶಿಯ ದಿನ ಅವರ ಕಣಕ್ಕೆ ಹೋಗಿ ನಿಂತು ನೋಡಿ ಬಂದಳು. ಅದರ ಮುಂದಿನ ವಾರ ಎಮ್ಮೆ ಮಾರಿದಳು. ಆ ರೊಕ್ಕದಲ್ಲಿ ಭತ್ತ ಕೊಂಡು ಅವರ ಮನೆಗೆ ಕಳಿಸಿದಳು. ನಾನು ತಡೆಯಲು ಹೋದೆ, ರೊಕ್ಕ ಬಂದ ಮೇಲೆ ನಾನೇ ಕೊಡುತ್ತೇನೆ ಎಂದೆ. "ಅವರು ಉಣ್ಣೂದು ಈ ವರ್ಷ ಐತಿ" ಎಂದಳು. ಬೈಗುಳ ಅಂದರೆ ಅಷ್ಟೇ. ಆ ಬೇಸಗೆ ರಸ್ತೆಯ ಪಕ್ಕದಲ್ಲಿ ಹರವಿ ಇರಲಿಲ್ಲ.

ಆ ಹೊತ್ತಿಗೆ ಹನುಮ ಹುಟ್ಟಿದ್ದು ಎಲ್ಲಿ ಎಂಬ ವಾದ ಜೋರಾಗಿತ್ತು. 2021ರ ಏಪ್ರಿಲಿನಲ್ಲಿ ತಿರುಪತಿಯ ದೇವಸ್ಥಾನದವರು ತಿರುಮಲದ ಅಂಜನಾದ್ರಿಯೇ ಜನ್ಮಸ್ಥಳ ಎಂದಾಗಿನಿಂದ ನಮ್ಮ ಕಡೆಯವರೆಲ್ಲ ಕೆರಳಿದ್ದೆವು. ನಾನು ಗುಡಿಸಲುಗಳ ಮುಂದಿನ ಬೋರ್ಡಿನಲ್ಲಿ ಹನುಮನ ಜನ್ಮಭೂಮಿ ಎಂದು ದೊಡ್ಡಕ್ಷರದಲ್ಲಿ ಬರೆಸಿದೆ, ಕೆಳಗೆ ನಾಷ್ಟಾ, ಊಟದ ದರ. ಅಡುಗೆ ಅಮ್ಮ, ಅವ್ವ ಸೇರಿ ಮಾಡುತ್ತಿದ್ದರು. ಪುಂಡಿಪಲ್ಲೆ, ಗುರೆಳ್ಳು ಚಟ್ನಿ ಎಂದರೆ ಬೆಂಗಳೂರಿನಿಂದ ಬಂಡೆ ಹತ್ತಲು ಬರುವ ಹುಡುಗರಿಗೆ ಪ್ರಾಣ. ಒಂದು ರಾತ್ರಿ ಪಾತ್ರೆ ತೊಳೆಯುತ್ತ ಅಮ್ಮ ಅಂದಳು: "ರೊಕ್ಕ ಇಸಗೊಂಡ ಮ್ಯಾಲ ಇನ್ನೊಂದು ರೊಟ್ಟಿ ಹಾಕ್ಕೋರಿ ಅನ್ನಾಕ ಬಾಯಿ ಬರೂದಿಲ್ಲ ನೋಡು ತಮ್ಮಾ. ಲೆಕ್ಕಕ್ಕ ಅಂತಾಳ ಅಂದ್ಕೊಂಡಾರು." ನಾನು ಅದನ್ನು ಹಳೆಯ ಕಾಲದವರ ಸಂಕೋಚ ಎಂದು ತಿಳಿದೆ. ಉಣ್ಣಿಸುವುದು ಅವಳಿಗೆ ಎಷ್ಟು ದೊಡ್ಡದಾಗಿತ್ತು, ಅದನ್ನು ಅವಳ ಕೈಯಿಂದ ನಾನು ಕಿತ್ತುಕೊಂಡಿದ್ದೆ ಎಂಬುದು ತಿಳಿಯಲು ಅವಳು ಹೋಗಬೇಕಾಯಿತು.

ಮುಂದಿನದು ಬೇಗ ಮುಗಿಯಿತು. 2022ರಲ್ಲಿ ಗುಡಿಸಲು ತೆಗೆಯಬೇಕೆಂದು ನೋಟಿಸ್ ಬಂತು. ನಿಯಮದ ಪ್ರಕಾರ ಅದು ಸರಿಯಾಗಿಯೇ ಇತ್ತು. ಗುಡಿಸಲು ಬಿಚ್ಚಿದೆವು, ಸಾಲ ಉಳಿಯಿತು, ಬೋರಮಾಳ ಮರಳಿ ಬರಲಿಲ್ಲ. ಆ ವರ್ಷಗಳಲ್ಲೂ ಮೀಸಲು ಗಡಿಗೆಗೆ ಹಿಡಿ ಅಕ್ಕಿ ತಪ್ಪಲಿಲ್ಲ. ಅಕ್ಕಿ ಕೊಂಡು ತರುವ ಮನೆಯಲ್ಲಿ ಮೀಸಲು ಯಾಕೆ ಎಂದು ಒಮ್ಮೆ ಸಿಟ್ಟಿನಿಂದ ಕೇಳಿದ್ದೆ. "ನಮ್ಮದು ಸಾಲದಾಗ ಐತಿ, ಅವನದಲ್ಲ" ಎಂದಿದ್ದಳು. 2023ರ ಅಧಿಕ ಶ್ರಾವಣದಲ್ಲಿ ಅಮ್ಮ ತೀರಿಕೊಂಡಳು. ಮಣ್ಣಿಗೆ ಮೊದಲು ಬಂದವರಲ್ಲಿ ಕೆಳಗಿನ ಗದ್ದೆಯವರಿದ್ದರು.

ಅಮ್ಮನ ಭಕ್ತಿಯನ್ನು ನಾನು ಒಪ್ಪತ್ತು, ಗಡಿಗೆ, ಕೈ ಮುಗಿಯುವುದರಲ್ಲಿ ಮಾತ್ರ ನೋಡಿದ್ದೆ. ಅವಳು ನೀರು ಬಿಡುವಾಗ ಮೊದಲು ಕೆಳಗಿನವರಿಗೆ ಕೂಗಿ ಹೇಳುತ್ತಿದ್ದದ್ದು, ಬದು ಒಡೆದರೆ ಯಾರದೆಂದು ಕೇಳದೆ ಮಣ್ಣು ಹಾಕುತ್ತಿದ್ದದ್ದು ಅದರದೇ ಭಾಗ ಎಂದು ಹೊಳೆದಿರಲಿಲ್ಲ. ಹೊಳೆದಿದ್ದರೆ ಒಂದು ಪೈಪಿನ ಹೂಳು ತೆಗೆಸಲು ನಾಳೆ ಎನ್ನುತ್ತಿರಲಿಲ್ಲ.

2024ರ ಬೇಸಗೆಯಲ್ಲಿ ಗರಸು ಎತ್ತಿಸಿದೆ. ತುಂಬಿಸಿದ್ದಕ್ಕಿಂತ ಎತ್ತಿಸುವ ಖರ್ಚು ಹೆಚ್ಚು. ಕೆರೆಮಣ್ಣು ಹೊಡೆಸಿ, ಡಯಾಂಚ ಬಿತ್ತಿ, ಹೂ ಬಿಡುವ ಮುಂಚೆ ಅದನ್ನು ಮಣ್ಣಿಗೇ ಮಡಚಿ ಹಾಕಿದೆವು. ನಾಟಿಯಾದ ಸ್ವಲ್ಪ ದಿನಕ್ಕೆ, ಆಗಸ್ಟ್ 10ರ ರಾತ್ರಿ, ಅಣೆಕಟ್ಟೆಯ 19ನೇ ಗೇಟಿನ ಚೈನ್ ತುಂಡಾಯಿತು. ತುಂಬಿದ್ದ ನೀರು ಹೊಳೆಗೆ ಹರಿದುಹೋಗುತ್ತಿತ್ತು, ಬೆಳೆ ಮುಗಿಯುವ ತನಕ ಕಾಲುವೆಗೆ ಉಳಿಯುತ್ತದೋ ಇಲ್ಲವೋ ಎಂದು ಊರಿಗೆ ಊರೇ ಕಂಗಾಲಾಗಿತ್ತು. ತಾತ್ಕಾಲಿಕ ಗೇಟು ಕೂರಿಸುವ ತನಕ ದಿನಾ ಸಂಜೆ ಕೆಳಗಿನ ಗದ್ದೆಯವರೂ ನಾನೂ ಒಂದೇ ಬದುವಿನ ಮೇಲೆ ಕೂತು ಫೋನಿನಲ್ಲಿ ಸುದ್ದಿ ನೋಡುತ್ತಿದ್ದೆವು. ಅಷ್ಟು ವರ್ಷಗಳಲ್ಲಿ ನಾನು ಅವರ ಪಕ್ಕ ಕೂತದ್ದು ಆಗಲೇ. ನೀರು ಉಳಿಯಿತು. ಮೊದಲ ಬೆಳೆ ತೆಳ್ಳಗೆ ಬಂತು, ಗರಸಿನ ರಾಶಿಯಿದ್ದ ಮೂಲೆಯಲ್ಲಿ ಬರಲೇ ಇಲ್ಲ. ಅವರದು ಚಲೋ ಬಂತು.

ಈಗಲೂ ಊರಿನ ಹುಡುಗರು ಹೋಂಸ್ಟೇ ಲೆಕ್ಕ ಕೇಳಲು ನನ್ನ ಹತ್ತಿರ ಬರುತ್ತಾರೆ. ಉತಾರ ಯಾರ ಹೆಸರಲ್ಲಿದೆ, ಎನ್‌ಎ ಆಗಿದೆಯೇ ಎನ್ನುವುದಕ್ಕೂ ಮೊದಲು ನಿಮ್ಮ ಗದ್ದೆಯ ನೀರು ಎಲ್ಲಿಗೆ ಇಳಿಯುತ್ತದೆ ಎಂದು ಕೇಳುತ್ತೇನೆ. ಕೆಲವರು ಹೇಳುತ್ತಾರೆ. ಕೆಲವರು ಮನೆಯ ಹಿರಿಯರನ್ನು ಕೇಳಿ ಬರುತ್ತೇವೆಂದು ಹೋಗುತ್ತಾರೆ.