ಅಕ್ಷರ ಬಾರದ ಯಂತ್ರ

ಶ್ರಾವಣದ ಮೊದಲ ಶುಕ್ರವಾರಕ್ಕೆ ಎರಡೇ ದಿನ ಉಳಿದಿತ್ತು. ಪುಣೆಯ ಕೋಥರೂಡಿನ ನಮ್ಮ ಮನೆಗೆ ಹಾಡಲು ಬರುವ ಹೆಂಗಸರಿಗೆ ಲಕ್ಷ್ಮೀ ಹಾಡಿನ ಹನ್ನೆರಡು ಪ್ರತಿ ಬೇಕೆಂದು ಅವ್ವನ ಹಟ. ಟ್ಯಾಬ್‌ನಲ್ಲಿ ಹಾಡನ್ನು ಟೈಪ್ ಮಾಡಿಟ್ಟಿದ್ದೆ. ಹೊಸ ವೈಫೈ ಪ್ರಿಂಟರ್ ಕಪಾಟಿನ ಮೇಲೆ ಕೂತಿತ್ತು. ಆದರೆ ಪ್ರಿಂಟ್ ಒತ್ತಿದಾಗಲೆಲ್ಲ ಟ್ಯಾಬ್‌ನದು ಒಂದೇ ರಾಗ: ಪ್ರಿಂಟರ್ ಸಿಗಲಿಲ್ಲ.

"ಎದುರಿಗೇ ಕೂತದಲ್ಲೋ, ಕಣ್ಣಿಗೆ ಕಾಣೂದಿಲ್ಲೇನ ಅದಕ್ಕ?" ಎಂದಳು ಅವ್ವ.

ಅರ್ಧ ದಿನ ಹೋದ ಮೇಲೆ ಗುಟ್ಟು ತಿಳಿಯಿತು. ಮಗಳು ತನ್ನ ಗೆಳತಿಯರಿಗೆಂದು 'ಗೆಸ್ಟ್' ವೈಫೈ ಶುರು ಮಾಡಿದ್ದಳು. ಟ್ಯಾಬ್ ಅದನ್ನು ಹಿಡಿದಿತ್ತು, ಪ್ರಿಂಟರ್ ಮನೆಯದನ್ನು. ಟ್ಯಾಬ್ ತಾನಿರುವ ಜಾಲದಲ್ಲಿ "ಪ್ರಿಂಟರ್ ಯಾರಾದರೂ ಇದ್ದೀರಾ?" ಎಂದು ಕೂಗುತ್ತದೆ, ಆ ಕೂಗು ಕೇಳಿಸಿದ ಪ್ರಿಂಟರ್ ಓಗೊಡುತ್ತದೆ. ಗೆಸ್ಟ್ ಜಾಲವಾದರೋ ಬಂದವರನ್ನು ಪಡಸಾಲೆಯಲ್ಲೇ ಕೂಡಿಸಿ, ಒಳಗಿನವರ ದನಿ ಕೇಳದಂತೆ ಬಾಗಿಲು ಹಾಕಿಕೊಳ್ಳುತ್ತದೆ. ಎರಡನ್ನೂ ಒಂದೇ ಜಾಲಕ್ಕೆ ತಂದೆ. ಕಾಗದ ಸರಸರನೆ ಹೊರಬಂತು.

ನನ್ನ ಪೇಚಾಟಕ್ಕೆ ಹಿರಿಯರ ಸಾಲೇ ಇದೆ. 2010ರ ಏಪ್ರಿಲ್‌ನಲ್ಲಿ ಐಪ್ಯಾಡ್ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಪ್ರಿಂಟ್ ಮಾಡುವ ಸೌಲಭ್ಯವೇ ಇರಲಿಲ್ಲ. ನವೆಂಬರ್‌ನಲ್ಲಿ ಏರ್‌ಪ್ರಿಂಟ್ ಬಂದ ಮೇಲೆಯೇ ತಂತಿಯೂ ಡ್ರೈವರ್ ಸಿ.ಡಿ.ಯೂ ಇಲ್ಲದೆ ಕೆಲಸ ನಡೆಯತೊಡಗಿತು.

ಅಚ್ಚಿನ ಕೆಲಸ ನಮ್ಮ ಮನೆಗೆ ಹೊಸದಲ್ಲ. ಅಪ್ಪ ಧಾರವಾಡದ ಪ್ರೆಸ್ಸೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. 'ಲಕ್ಷ್ಮೀ' ಎಂಬ ಪದ ಬಂತೆಂದರೆ ಅವರ ಕೈ ನಾಲ್ಕು ಖಾನೆಗೆ ಓಡುತ್ತಿತ್ತು. ಒತ್ತಿಗೊಂದು ಮೊಳೆ, ದೀರ್ಘಕ್ಕೊಂದು ಮೊಳೆ. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವಾಗಿರುತ್ತದೆ. ಅಪ್ಪ ಅದನ್ನೇ ಪೇಪರ್ ಓದಿದಷ್ಟು ಸಲೀಸಾಗಿ ಓದುತ್ತಿದ್ದರು.

ಮೊಳೆಯ ಆ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸುವ ಕೆಲಸದಲ್ಲಿ ನಮ್ಮ ಪುಣೆಯ ಪಾಲೂ ಇದೆ. ಭಾರತೀಯ ಲಿಪಿಗಳಿಗಾಗಿ ಕಾನ್ಪುರದ ಐಐಟಿಯಲ್ಲಿ ಹುಟ್ಟಿದ ಜಿಸ್ಟ್ ತಂತ್ರಜ್ಞಾನ ಬೆಳೆದದ್ದು 1988ರಲ್ಲಿ ಇಲ್ಲಿ ಶುರುವಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ. ಜಿಸ್ಟ್ ಬಳಸಿದ ಇಸ್ಕಿ ಸಂಕೇತದ ಜಾಡಿನಲ್ಲೇ ಯೂನಿಕೋಡ್ ಕನ್ನಡದ ಅಕ್ಷರಗಳನ್ನು ಸಾಲಾಗಿ ನಿಲ್ಲಿಸಿತು. ಈಗ ಒತ್ತನ್ನು ಎಲ್ಲಿ ಕೂಡಿಸಬೇಕೆಂಬುದು ಟ್ಯಾಬ್‌ಗೇ ಗೊತ್ತು. ಅದು ಪುಟವನ್ನು ಚಿತ್ರದಂತೆ ಸಿದ್ಧಮಾಡಿ ಕಳಿಸುತ್ತದೆ, ಪ್ರಿಂಟರ್ ಅದನ್ನು ಹಾಗೇ ಇಳಿಸುತ್ತದೆ. ಪ್ರಿಂಟರ್‌ಗೆ ಕನ್ನಡವೂ ಬಾರದು, ಮರಾಠಿಯೂ ಬಾರದು.

ಮಗಳು ಒಂದು ಪ್ರತಿ ಎತ್ತಿಕೊಂಡು, "ಅಜ್ಜಿ, ಇದು ನೀ ಹಾಡೂ ಹಾಡೇನು?" ಎಂದಳು. ಪುಣೆಯಲ್ಲಿ ಹುಟ್ಟಿದ ಹುಡುಗಿ. ಆ ಹಾಡು ಅವಳಿಗೆ ಪೂರ್ತಿ ಬಾಯಿಪಾಠ. ತಿರುವಿದ್ದ ಅಕ್ಷರ ಓದುತ್ತಿದ್ದವರ ಮೊಮ್ಮಗಳಿಗೆ ನೆಟ್ಟಗಿದ್ದದ್ದನ್ನೂ ಓದಲು ಬರುವುದಿಲ್ಲ.

ಅವ್ವ ಹದಿಮೂರನೆಯ ಪ್ರತಿ ತೆಗೆಸಿದಳು. ಈಗ ದಿನಾ ದೀಪ ಹಚ್ಚಿದ ಮೇಲೆ ಅಜ್ಜಿ–ಮೊಮ್ಮಗಳು ಅದರ ಮುಂದೆ ಕೂರುತ್ತಾರೆ. ನಿನ್ನೆಯವರೆಗೆ 'ಲಕ್ಷ್ಮೀ'ಯ ಒತ್ತಿನ ತನಕ ಬಂದಿದ್ದಾರೆ.