ಮೊಸರು ನಂಜಂತೆ, ಗುಳಿಗೆ ಮದ್ದಂತೆ

ದೆಹಲಿಯಲ್ಲಿ ಚಳಿ ಶುರುವಾಯಿತೆಂದರೆ ನನ್ನ ಮೊಣಕೈ ಮಡಿಕೆಯಲ್ಲೂ ಕತ್ತಿನ ಹಿಂದೆಯೂ ಇಸುಬು ಏಳುತ್ತದೆ. ನಲವತ್ತು ದಾಟಿದವನಿಗೆ ಇದೆಂಥ ಮಕ್ಕಳ ಕಾಯಿಲೆ ಎಂದು ಕೇಳುವವರಿದ್ದಾರೆ. ಎಕ್ಸಿಮಾ ಹೆಚ್ಚಾಗಿ ಬಾಲ್ಯದಲ್ಲೇ ಶುರುವಾಗುವುದು ನಿಜ. ಆದರೆ ಕೆಲವರನ್ನು ಅದು ದೊಡ್ಡವರಾದ ಮೇಲೂ ಬಿಡುವುದಿಲ್ಲ, ಇನ್ನು ಕೆಲವರಿಗೆ ಆಗಲೇ ಹೊಸದಾಗಿ ಬರುತ್ತದೆ. ಇದು ಅಂಟುರೋಗವಲ್ಲ ಎಂದು ಮೆಟ್ರೋದಲ್ಲಿ ಪಕ್ಕ ಕೂತವರಿಗೆಲ್ಲ ಹೇಳುತ್ತ ಹೋಗಲಾದೀತೇ? ಅದಕ್ಕಿಂತ ರಾತ್ರಿಯ ತುರಿಕೆ ದೊಡ್ಡ ಕಷ್ಟ. ನಿದ್ದೆಗೆಟ್ಟು ಆಫೀಸಿಗೆ ಹೋದರೆ ಮಧ್ಯಾಹ್ನದ ಮೀಟಿಂಗಿನಲ್ಲಿ ತೂಕಡಿಕೆ.

ಹೀಗಿರುವಾಗ ಯಾರು ಏನು ಹೇಳಿದರೂ ಕಿವಿ ನಿಮಿರುತ್ತದೆ. ಊರಿಂದ ಅಮ್ಮ ಫೋನಿನಲ್ಲಿ, "ಬದನೆಕಾಯಿ, ಮೊಸರು ಎರಡೂ ನಂಜು ಕಣೋ, ಮೊದಲು ಬಿಡು" ಅನ್ನುತ್ತಾಳೆ. ಹೊಟ್ಟೆ ಸರಿಯಾದರೆ ಚರ್ಮವೂ ಸರಿಯಾಗುತ್ತದೆ ಎನ್ನುವ ಸಹೋದ್ಯೋಗಿ ಪ್ರೋಬಯಾಟಿಕ್ ಗುಳಿಗೆ ಶಿಫಾರಸು ಮಾಡುತ್ತಾನೆ. ಅದರೊಳಗೆ ಸಾಮಾನ್ಯವಾಗಿ ಇರುವ ಲ್ಯಾಕ್ಟೊಬ್ಯಾಸಿಲಸ್, ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾದ ದಾಯಾದಿ!

ಈ ಆಸೆಗೊಂದು ಮೂಲವಿದೆ. 2001ರಲ್ಲಿ ಫಿನ್‌ಲ್ಯಾಂಡಿನ ಸಂಶೋಧಕರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಪ್ರಯೋಗದ ಫಲ ಪ್ರಕಟಿಸಿದರು. ಅಲರ್ಜಿ ಇರುವ ಕುಟುಂಬಗಳ ಗರ್ಭಿಣಿಯರಿಗೆ, ಹೆರಿಗೆಯ ಬಳಿಕ ಆರು ತಿಂಗಳು ತಾಯಿಗೋ ಕೂಸಿಗೋ, ಲ್ಯಾಕ್ಟೊಬ್ಯಾಸಿಲಸ್ ಜಿಜಿ ಕೊಟ್ಟಿದ್ದರು. ಎರಡು ವರ್ಷವಾಗುವ ಹೊತ್ತಿಗೆ ಆ ಮಕ್ಕಳಲ್ಲಿ ಎಕ್ಸಿಮಾ, ಹುಸಿ ಗುಳಿಗೆಯ ಗುಂಪಿಗಿಂತ ಅರ್ಧದಷ್ಟೇ ಇತ್ತು. ಸುದ್ದಿ ದೊಡ್ಡದೇ. ಆದರೆ ಅದು ಬರದಂತೆ ತಡೆಯುವ ಮಾತು, ಅದೂ ಕೂಸುಗಳಲ್ಲಿ. ನನ್ನಂಥ ಬೆಳೆದವನಿಗೆ ಬಂದು ಕೂತದ್ದನ್ನು ಇಳಿಸುವುದೇ ಬೇರೆ. 2018ರ ಕಾಕ್ರೇನ್ ವಿಮರ್ಶೆ 39 ಪ್ರಯೋಗಗಳನ್ನು, ಅವುಗಳ 2599 ಜನರನ್ನು ಒಟ್ಟಿಗಿಟ್ಟು ನೋಡಿತು. ರೋಗಿಗಳೇ ಹೇಳಿದ ತುರಿಕೆ, ನಿದ್ದೆಗೇಡುಗಳಲ್ಲಿ ಬಹುಶಃ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದಿತು. ಅಲ್ಲೂ ಹೆಚ್ಚಿನವರು ಮಕ್ಕಳೇ. ಬ್ಯಾಕ್ಟೀರಿಯಾದ ತಳಿ ಬದಲಾದರೆ ಫಲವೂ ಬದಲಾಗಬಹುದು. ಡಬ್ಬಿಯ ಮೇಲೆ ಕೋಟಿಗಳ ಲೆಕ್ಕ ದಪ್ಪಕ್ಷರದಲ್ಲಿರುತ್ತದೆ, ತಳಿಯ ಹೆಸರನ್ನು ಕನ್ನಡಕ ಹಾಕಿಕೊಂಡು ಹುಡುಕಬೇಕು.

ಚರ್ಮದ ಡಾಕ್ಟರನ್ನು ಕೇಳಿಯೇ ಮೂರು ತಿಂಗಳು ತಿಂದು ನೋಡಿದೆ. ಬೇಕಿದ್ದರೆ ತಗೊಳ್ಳಿ, ಮುಲಾಮು ಮಾತ್ರ ನಿಲ್ಲಿಸಬೇಡಿ ಎಂದರು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಯಲ್ಲಿರುವವರು ಕೇಳದೆ ನುಂಗಬಾರದು ಎಂದೂ ಹೇಳಿದರು. ಅದೇ ಹೊತ್ತಿಗೆ ಗೀಸರಿನ ಸುಡುನೀರು ಬಿಟ್ಟು ಉಗುರುಬೆಚ್ಚಗಿನ ನೀರಿಗೆ ಇಳಿದಿದ್ದೆ. ಸ್ನಾನವಾದ ಕೂಡಲೇ, ಮೈ ಪೂರ್ತಿ ಆರುವ ಮೊದಲೇ, ದಪ್ಪಗೆ ಮಾಯಿಶ್ಚರೈಸರ್ ಹಚ್ಚುತ್ತಿದ್ದೆ. ತುರಿಕೆ ತಗ್ಗಿತು. ಕೀರ್ತಿ ಯಾರಿಗೆ? ಗುಳಿಗೆ ಮುಗಿದು ಎರಡು ತಿಂಗಳಾದರೂ ಚರ್ಮ ಹಾಗೇ ಇತ್ತು. ನನ್ನೊಬ್ಬನ ಲೆಕ್ಕ ಪುರಾವೆಯಲ್ಲ, ಬಿಡಿ. ಆದರೂ ಗುಳಿಗೆಯ ದುಡ್ಡನ್ನು ಈಗ ದೊಡ್ಡ ಡಬ್ಬಿ ಮಾಯಿಶ್ಚರೈಸರಿಗೆ ಹಾಕುತ್ತಿದ್ದೇನೆ.

ನಮ್ಮ ಕನ್ನಡ ಬಳಗದ ಒಬ್ಬರು ಸ್ಟೀರಾಯ್ಡ್ ಎಂಬ ಹೆಸರಿಗೇ ಹೆದರಿ, ಮುಲಾಮು ಎಸೆದು ಬರೀ ಗುಳಿಗೆ ನಂಬಿದರು. ಕೆರೆದ ಜಾಗ ಕೀವು ತುಂಬಿ, ಕೊನೆಗೆ ಆಂಟಿಬಯಾಟಿಕ್ ನುಂಗಬೇಕಾಯಿತು. ಒಳ್ಳೆಯ ಬ್ಯಾಕ್ಟೀರಿಯಾವನ್ನು ದುಡ್ಡು ಕೊಟ್ಟು ತುಂಬಿಸಿಕೊಂಡವರು!

ಮೊಸರು ನನಗೆ ತುರಿಕೆ ಹೆಚ್ಚಿಸಿಲ್ಲ, ಹಾಗಾಗಿ ಬಿಟ್ಟಿಲ್ಲ. ಅಮ್ಮ ಕೇಳಿದರೆ ಮಜ್ಜಿಗೆ ಅನ್ನುತ್ತೇನೆ.