ಒಳಗ ಹೋದ ನೀರು ಹೊರಗ ಬರವಲ್ದು

ಶಹಾಬಾದಿನ ಹಳೆಯ ಮನೆಗಳಲ್ಲಿ ಬೇಸಿಗೆಯಲ್ಲಿ ಹೊರಸಿನ ಮೇಲೆ ಮಲಗುವವರು ಕಡಿಮೆ. ಊರ ಸುತ್ತಲಿನ ಖಣಿಯಿಂದ ತೆಗೆದ ಪರಸಿಯೇ ನೆಲಕ್ಕೂ ಹಾಸಿರುತ್ತದೆ. ಮಧ್ಯಾಹ್ನ ಅದರ ಮೇಲೆ ಒಂದಿಷ್ಟು ನೀರು ಚೆಲ್ಲಿ, ಒರೆಸಿ, ಚಾಪೆ ಹಾಸಿ ಬಿದ್ದುಕೊಂಡರೆ ಮೈಗೆ ತುಸು ತಂಪು. 2005ರ ಮೇ ತಿಂಗಳಲ್ಲಿ ನಾನು ಮೊಟ್ಟಮೊದಲು ನೋಡಲು ಹೋದ ಪೇಶಂಟೂ ಹಾಗೆಯೇ ಮಲಗಿದ್ದರು. ಪಕ್ಕದಲ್ಲಿ, ಅದೇ ಪರಸಿಯ ಮೇಲೆ, ಖಾಲಿ ಚೀಲ. ಹೊಟ್ಟೆಯಿಂದ ಆ ಚೀಲಕ್ಕೆ ಪೈಪು. ಒಂದು ತಾಸಾದರೂ ಅದರೊಳಗೆ ಇಳಿದದ್ದು ಅರ್ಧ ಲೀಟರೂ ಇಲ್ಲ.

"ಒಳಗ ಹೋದ ನೀರು ಹೊರಗ ಬರವಲ್ದು ಸಿಸ್ಟರ್. ಪೈಪ್ ಕೆಟ್ಟದ ಅನಸ್ತದ್ರಿ" ಅಂದರು ಅವರ ಹೆಂಡತಿ. ಕಣ್ಣಲ್ಲಿ ನೀರಿತ್ತು.

ಪೈಪು ಕೆಟ್ಟಿರಲಿಲ್ಲ. ಹೊಟ್ಟೆಯೂ ಚೀಲವೂ ಒಂದೇ ಮಟ್ಟದಲ್ಲಿದ್ದವು, ನೀರಿಗೆ ಇಳಿಯಲು ಇಳಿಜಾರೇ ಇರಲಿಲ್ಲ. ಅವರನ್ನು ಎಬ್ಬಿಸಿ ಕುರ್ಚಿಯ ಮೇಲೆ ಕೂರಿಸಿದೆ, ಚೀಲವನ್ನು ನೆಲದ ಮೇಲೆಯೇ ಬಿಟ್ಟೆ. ಇಪ್ಪತ್ತು ನಿಮಿಷದಲ್ಲಿ ಚೀಲ ತುಂಬಿತು. ಆಸ್ಪತ್ರೆಯಲ್ಲಿ ಕಲಿಸುವಾಗ ನಾವು ಅವರನ್ನು ಎತ್ತರದ ಮಂಚದ ಮೇಲೆ ಕೂರಿಸಿ ಕಲಿಸಿದ್ದೆವು. ಮನೆಯಲ್ಲಿ ಮಂಚ ಇದೆಯೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ. ಅಂದಿನಿಂದ ಯಾವ ಮನೆಗೆ ಹೋದರೂ ನಾನು ಮೊದಲು ನೋಡುತ್ತಿದ್ದುದು ಆ ಮನೆಯವರು ಎಲ್ಲಿ ಮಲಗುತ್ತಾರೆ ಎಂಬುದನ್ನು.

ಮೂತ್ರಪಿಂಡ ಸೋತವರ ರಕ್ತವನ್ನು ಮಷಿನ್‌ಗೆ ಹರಿಸಿ ಶುದ್ಧಮಾಡುವ ಡಯಾಲಿಸಿಸ್ ಎಲ್ಲರಿಗೂ ಗೊತ್ತು. ಹೊಟ್ಟೆಯ ಡಯಾಲಿಸಿಸ್ ಅಷ್ಟು ಗೊತ್ತಿಲ್ಲ. ಕರುಳನ್ನು ಸುತ್ತಿಕೊಂಡಿರುವ ಪೆರಿಟೋನಿಯಂ ಎಂಬ ತೆಳು ಪೊರೆಯೇ ಇಲ್ಲಿ ಸೋಸುವ ಜರಡಿ. ಹೊಟ್ಟೆಯೊಳಗೆ ಮೆತ್ತನೆಯ ಸಿಲಿಕೋನ್ ಪೈಪೊಂದನ್ನು ಕೂರಿಸುತ್ತಾರೆ. ಅದರ ಮೂಲಕ 2 ಲೀಟರ್ ಸಕ್ಕರೆ-ಲವಣದ ನೀರನ್ನು ಒಳಗೆ ಬಿಟ್ಟು, ನಾಲ್ಕಾರು ತಾಸು ಇಟ್ಟು, ರಕ್ತದ ಹೊಲಸನ್ನು ಹೀರಿಕೊಂಡ ಮೇಲೆ ಹೊರಗೆ ಇಳಿಸುವುದು. ದಿನಕ್ಕೆ ನಾಲ್ಕು ಸಲ. ಈ ಪೈಪನ್ನು ಈಗಿನ ರೂಪಕ್ಕೆ ತಂದವರು ಸಿಯಾಟಲ್‌ನ ಹೆನ್ರಿ ಟೆಂಕಾಫ್, 1968ರಲ್ಲಿ. ಓಡಾಡಿಕೊಂಡೇ ಇಡೀ ದಿನ ಡಯಾಲಿಸಿಸ್ ನಡೆಸಬಹುದು ಎಂದು 1976ರಲ್ಲಿ ತೋರಿಸಿದವರು ಟೆಕ್ಸಾಸ್‌ನ ಪೊಪೊವಿಚ್ ಮತ್ತು ಮಾನ್‌ಕ್ರೀಫ್. ಭಾರತಕ್ಕೆ ಅದು ಬಂದದ್ದು ತೊಂಬತ್ತರ ದಶಕದಲ್ಲಿ. ನಮ್ಮ ಭಾಗಕ್ಕೆ ಇನ್ನೂ ತಡವಾಗಿ.

ನಾನು ಆಗಿನ ಗುಲಬರ್ಗಾದಲ್ಲಿ ನರ್ಸ್. ಮನೆಯವರಿಗೆ ಚೀಲ ಬದಲಿಸುವುದನ್ನು ಕಲಿಸುವುದು, ಆಮೇಲೆ ಅವರ ಊರಿಗೇ ಹೋಗಿ ನೋಡಿಬರುವುದು ನನ್ನ ಕೆಲಸ. ಶಹಾಬಾದ್, ವಾಡಿಗೆ ಮುಂಬೈ-ಮದ್ರಾಸ್ ಲೈನಿನ ಗಾಡಿ. ವಾಡಿಯಲ್ಲಿ ಇಳಿದು ಸಿಕಂದರಾಬಾದ್ ಕಡೆಯ ಗಾಡಿ ಹತ್ತಿದರೆ ಚಿತ್ತಾಪುರ, ಮಳಖೇಡ ರೋಡ್, ಸೇಡಂ. ಚಿಂಚೋಳಿಗೆ ರೈಲಿಲ್ಲ, ಬಸ್ಸೇ ಗತಿ. ಅಲ್ಲಿಂದ ಮುಂದೆ ಕಾಡಂಚಿನ ತಾಂಡಾಗಳಿಗೆ ಟಂಟಂ. ಆಗ ಈ ಊರುಗಳ ಕಿಡ್ನಿ ಪೇಶಂಟು ವಾರಕ್ಕೆ ಎರಡು-ಮೂರು ಸಲ ಗುಲಬರ್ಗಾಕ್ಕೋ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಬೇಕಾಗಿತ್ತು. ಒಬ್ಬರ ಜೊತೆ ಇನ್ನೊಬ್ಬರು, ಇಬ್ಬರ ಕೂಲಿಯೂ ಹೋಯಿತು. ತಿಂಗಳಿಗೆ 120 ಚೀಲ, 240 ಲೀಟರ್ ನೀರು ಮನೆಗೇ ಬಂದು ಬೀಳುತ್ತದೆ ಎಂದರೆ ಅವರಿಗೆ ಅದು ದೊಡ್ಡ ಬಿಡುಗಡೆ. ತೊಗರಿ ಚೀಲ, ಜೋಳದ ಚೀಲ ಇಡುತ್ತಿದ್ದ ಕೋಣೆಯಲ್ಲಿ ರಟ್ಟಿನ ಡಬ್ಬಿಗಳು ತೊಲೆಯವರೆಗೆ ಏರಿರುತ್ತಿದ್ದವು.

ಅಷ್ಟೆಲ್ಲ ವ್ಯವಸ್ಥೆ ನಿಂತುಬಿಡುತ್ತಿದ್ದುದು ಒಂದೇ ಮಾತಿನ ಮೇಲೆ: ನೀರು ಬರವಲ್ದು.

ಅದಕ್ಕೆ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆಗೆ ಜನ ಮುಖ ತಿರುಗಿಸುತ್ತಿದ್ದರು. "ಕಾಕಾ, ಹೊರಕಡಿ ಸಾಫ ಆಗ್ಯಾದೇನ್ರಿ?" ಪೈಪಿನ ಸುದ್ದಿ ಕೇಳಿದರೆ ಈಕೆ ಸಂಡಾಸದ ಸುದ್ದಿ ಕೇಳುತ್ತಾಳಲ್ಲ ಎಂದು ಅವರಿಗೆ ಸಿಟ್ಟು. ಆದರೆ ಹತ್ತಾರು ವರ್ಷ ಈ ಕೆಲಸ ಮಾಡಿದ ಮೇಲೆ ಹೇಳುತ್ತೇನೆ, ನೀರು ನಿಲ್ಲುವುದಕ್ಕೆ ಮಲಬದ್ಧತೆಗಿಂತ ದೊಡ್ಡ ಕಾರಣ ನಾನು ಕಂಡಿಲ್ಲ. ಪೈಪಿನ ತುದಿ ಇರುವುದು ಕೆಳಹೊಟ್ಟೆಯ ತಳದಲ್ಲಿ, ದೊಡ್ಡ ಕರುಳಿನ ಮಗ್ಗುಲಲ್ಲೇ. ಕರುಳು ತುಂಬಿ ಬಿಗಿದರೆ ಪೈಪಿನ ತೂತುಗಳನ್ನು ಒತ್ತುತ್ತದೆ, ಕೆಲವೊಮ್ಮೆ ಪೈಪನ್ನೇ ಜಾಗ ಬಿಡಿಸಿ ಮೇಲಕ್ಕೆ ತಳ್ಳುತ್ತದೆ. ರಂಜಕ ತಗ್ಗಿಸಲು ಕೊಡುವ ಕ್ಯಾಲ್ಸಿಯಂ ಗುಳಿಗೆ, ಕಬ್ಬಿಣದ ಗುಳಿಗೆ, ನೀರು ಕುಡಿಯಲು ಕಟ್ಟಳೆ, ಓಡಾಟವಿಲ್ಲದ ಮೈ: ಎಲ್ಲವೂ ಹೊಟ್ಟೆ ಕಟ್ಟಿಸುವಂಥವೇ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಸೇಡಂ ಸಮೀಪದ ಹಳ್ಳಿಯ ಅಜ್ಜಿಯೊಬ್ಬರಿಗೆ ಎರಡು ದಿನದಿಂದ ನೀರು ಅರೆಬರೆ ಇಳಿಯುತ್ತಿತ್ತು. ಪೈಪು ಮಡಚಿದೆ ಎಂದೇ ನಂಬಿದೆ. ಆಪರೇಷನ್ ಆಗಬೇಕಾದೀತು ಎಂದು ಹೆದರಿಸಿ, ಮಳೆಯಲ್ಲಿ ಜೀಪು ಮಾಡಿಸಿ ರಾತ್ರೋರಾತ್ರಿ ಪಟ್ಟಣಕ್ಕೆ ಕರೆತಂದೆವು. ಎಕ್ಸ್‌ರೇಯಲ್ಲಿ ಪೈಪು ಜಾಗದಲ್ಲೇ ಇತ್ತು, ಸುತ್ತ ಕರುಳು ತುಂಬಿ ಕೂತಿತ್ತು. ಎನಿಮಾ ಕೊಟ್ಟರು. ಬೆಳಗಿನ ಜಾವ ನೀರು ಧಾರಾಕಾರ ಇಳಿಯಿತು. ಅಜ್ಜಿಯ ಮಗ ಜೀಪಿಗೆ ಕೊಟ್ಟದ್ದು ಸಾಲದ ಹಣ. ಅದು ನೆನಪಾದರೆ ಈಗಲೂ ನನಗೆ ಸಂಕಟವಾಗುತ್ತದೆ. ಹೊರಡುವ ಮುಂಚೆ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಇನ್ನು ಉಡದಾರ. ನಮ್ಮ ಗಂಡಸರು ಅದನ್ನು ಬಿಚ್ಚುವವರಲ್ಲ. ಪೈಪು ಹೊರಬರುವ ಜಾಗ ಹೊಕ್ಕುಳದ ಮಗ್ಗುಲಲ್ಲಿ. ಉಡದಾರ, ಧೋತರದ ಗಂಟು, ಹೆಣ್ಣುಮಕ್ಕಳಾದರೆ ಲಂಗದ ಲಾಡಿ ಎಲ್ಲವೂ ಬಿಗಿಯುವುದು ಅಲ್ಲೇ. ಚಿತ್ತಾಪುರದ ಒಬ್ಬ ಹಿರಿಯರಿಗೆ ಕೂತರೆ ನೀರು ನಿಲ್ಲುತ್ತಿತ್ತು, ನಿಂತರೆ ಬರುತ್ತಿತ್ತು. ಅಂಗಿ ಎತ್ತಿ ನೋಡಿದರೆ ಪೈಪು ಉಡದಾರದ ಕೆಳಗೆ ಸಿಕ್ಕಿ ಮಡಚಿತ್ತು. ಬಿಚ್ಚಿ ಎನ್ನುವ ಧೈರ್ಯ ನನಗಾಗಲಿಲ್ಲ, ಕೆಳಕ್ಕೆ ಸರಿಸಿ ಸಡಿಲ ಕಟ್ಟಿರಿ ಎಂದೆ. ಅವರೂ ಒಪ್ಪಿದರು, ನೀರೂ ಒಪ್ಪಿತು. ಆಮೇಲೆ ಕಲಿಸುವಾಗಲೇ ಹೇಳತೊಡಗಿದೆ: ಕ್ಲಾಂಪ್ ತೆಗೆದಿದೆಯೇ, ಪೈಪು ಮೈಕೆಳಗೆ ಸಿಕ್ಕಿದೆಯೇ, ಲಾಡಿ ಎಲ್ಲಿದೆ, ಇವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿರಿ, ಕಣ್ಣಳತೆಯಲ್ಲಿ ಬೇಡ.

ನೀರಿನಲ್ಲಿ ಹತ್ತಿಯ ಎಳೆಯಂತೆ ಬಿಳಿ ಬಿಳಿ ತೇಲಿದರೆ ಅದು ಫೈಬ್ರಿನ್. ಪೈಪಿನ ತೂತಿಗೆ ಅದೇ ಬೂಚು. ಡಾಕ್ಟರು ಹೇಳಿದ ಲೆಕ್ಕದಲ್ಲಿ ಹೆಪಾರಿನ್ ಔಷಧಿಯನ್ನು ಚೀಲಕ್ಕೆ ಬೆರೆಸಿದರೆ ಸಾಮಾನ್ಯವಾಗಿ ಬಿಡುತ್ತದೆ. ಸಿರಿಂಜ್ ಹಚ್ಚಿ ಜಗ್ಗುವ ಕೆಲಸ ಮನೆಯವರು ಮಾಡಕೂಡದು. ಎಳೆಯಲ್ಲ, ಇಡೀ ನೀರೇ ಅಕ್ಕಿ ತೊಳೆದ ನೀರಿನಂತೆ ಕದಡಿದರೆ ಅದು ಬೇರೆಯೇ ಮಾತು. ಚೀಲದ ಹಿಂದೆ ಪೇಪರ್ ಹಿಡಿದು ಅಕ್ಷರ ಓದಲು ಬರುತ್ತದೆಯೇ ನೋಡಿರಿ ಎನ್ನುತ್ತಿದ್ದೆವು. ಓದು ಬಾರದವರ ಮನೆಯಲ್ಲಿ ಕ್ಯಾಲೆಂಡರಿನ ದೇವರ ಚಿತ್ರ ಹಿಡಿಯುತ್ತಿದ್ದರು. ಮುಖ ಮಸುಕಾದರೆ ಸೋಂಕು ಎಂದೇ ಹಿಡಿದು, ಆ ಚೀಲವನ್ನು ಚೆಲ್ಲದೆ, ಜೊತೆಗೆ ತೆಗೆದುಕೊಂಡು ಅದೇ ದಿನ ಆಸ್ಪತ್ರೆಗೆ. ಇದರಲ್ಲಿ ನಾಳೆ ಎಂಬುದಿಲ್ಲ.

ಸೋಂಕಿನ ಭಯಕ್ಕೇ ಚೀಲ ಜೋಡಿಸುವಾಗ ಕಿಟಕಿ ಮುಚ್ಚಿ ಫ್ಯಾನ್ ಆರಿಸಬೇಕು. ಕಲ್ಲಿನ ಪುಡಿ, ಸಿಮೆಂಟಿನ ಧೂಳು ಹಾರುವ ಊರಲ್ಲಿ, ಮೇ ತಿಂಗಳಲ್ಲಿ, ಮುಚ್ಚಿದ ಕೋಣೆಯೊಳಗೆ ಮೂಗುಬಾಯಿಗೆ ಮಾಸ್ಕ್ ಕಟ್ಟಿಕೊಂಡು ಕೈ ತೊಳೆದು ಬೆವರು ಒರೆಸಿಕೊಳ್ಳದೆ ಕೂರುತ್ತಿದ್ದ ಹೆಂಡಿರು, ಸೊಸೆಯಂದಿರನ್ನು ನಾನು ಕಂಡಿದ್ದೇನೆ. ಅವರಲ್ಲಿ ಶಾಲೆಯ ಮೆಟ್ಟಿಲು ಹತ್ತದವರೂ ಇದ್ದರು. ಯಾವ ನರ್ಸಿಗೂ ಕಡಿಮೆಯಿಲ್ಲದ ಕೈ ಅವರದು. ಗೋಡೆಯ ಮೊಳೆಗೆ ಸ್ಪ್ರಿಂಗ್ ತಕ್ಕಡಿ ತೂಗುಹಾಕಿ ಹೊರಬಂದ ಚೀಲ ತೂಗುತ್ತಿದ್ದರು. ಬರೆಯಲು ಬಾರದವರು ವಹಿಯಲ್ಲಿ ಗೆರೆ ಎಳೆಯುತ್ತಿದ್ದರು, 100 ಗ್ರಾಂಗೆ ಒಂದು ಗೆರೆ.

ರಾತ್ರಿ ಮಷಿನ್ ಬಂದದ್ದು ಆಮೇಲೆ. ದಿನಕ್ಕೆ ನಾಲ್ಕು ಸಲ ಕೈಯಿಂದ ಮಾಡುವುದನ್ನು ಇದು ರಾತ್ರಿ ಎಂಟು-ಹತ್ತು ತಾಸಿನಲ್ಲಿ, ಪೇಶಂಟು ನಿದ್ದೆಯಲ್ಲಿರುವಾಗಲೇ ಮುಗಿಸುತ್ತದೆ. ಹಗಲು ಕೆಲಸಕ್ಕೆ ಹೋಗಬಹುದು. ಕೊಳ್ಳಲು ಶಕ್ತಿಯಿದ್ದವರು ಕೆಲವರೇ. ವಾಡಿಯ ಒಂದು ಮನೆಯಲ್ಲಿ ಅದು ಬಂದ ವಾರವೇ ಪ್ರತಿ ರಾತ್ರಿ ಕೂಗತೊಡಗಿತು. ಮಷಿನ್ ಬದಲಿಸಿ ಎಂದು ಮಗ ಜಗಳಕ್ಕೇ ಬಂದ. ಹೋಗಿ ನೋಡಿದೆ. ಬೆಲೆಬಾಳುವ ವಸ್ತು, ಮಕ್ಕಳು ಮುಟ್ಟಬಾರದೆಂದು ಮಷಿನನ್ನು ಎತ್ತರದ ಮಾಡದಲ್ಲಿ ಇಟ್ಟಿದ್ದರು. ತಂದೆ ಮಲಗುತ್ತಿದ್ದುದು ನೆಲದ ಮೇಲೆ. ಅಷ್ಟು ಕೆಳಗಿನಿಂದ ಹೊಟ್ಟೆಯ ನೀರನ್ನು ಮೇಲಕ್ಕೆ ಎಳೆದುಕೊಳ್ಳಲಾರದೆ ಅದು ಕೂಗುತ್ತಿತ್ತು. ತಂದೆಗೊಂದು ಹೊರಸು ತರಿಸಿ, ಮಷಿನನ್ನು ಅದೇ ಮಟ್ಟದ ಟೇಬಲ್ ಮೇಲೆ ಇಡಿಸಿ, ಹೊರಪೈಪು ಎಲ್ಲೂ ಮೇಲೆದ್ದು ಸುತ್ತಿಕೊಳ್ಳದಂತೆ ಕೆಳಮುಖವಾಗಿ ಬಿಡಿಸಿದೆ. ಆ ರಾತ್ರಿ ಅಲ್ಲೇ ಕೂತೆ. ಒಂದು ಸಲವೂ ಕೂಗಲಿಲ್ಲ.

ಅದಕ್ಕಿಂತ ಅಂಜಿಕೆ ಹುಟ್ಟಿಸಿದ್ದು ಮಗ ಹೇಳಿದ ಇನ್ನೊಂದು ಮಾತು. ಹಿಂದಿನ ರಾತ್ರಿ ಕೂಗು ತಾಳಲಾರದೆ ಆತ ಗುಂಡಿ ಒತ್ತಿ ಒತ್ತಿ ಡ್ರೇನ್ ಸುತ್ತನ್ನು ದಾಟಿಸಿಬಿಟ್ಟಿದ್ದ. ಒಳಗಿನ ನೀರು ಒಳಗೇ ಉಳಿಯಿತು, ಅದರ ಮೇಲೆ ಮತ್ತೆ ನೀರು ತುಂಬಿತು. ಬೆಳಗಾಗುವಾಗ ತಂದೆಗೆ ಉಸಿರಾಡಲು ಆಗುತ್ತಿರಲಿಲ್ಲ. ಎದ್ದು ಕೂತು ಕೈಯಿಂದಲೇ ಇಳಿಸಿದಾಗ ಜೀವ ಬಂತು. ಮಷಿನ್ ಕೂಗಿದರೆ ಅದರ ಬಾಯಿ ಮುಚ್ಚಿಸಬೇಡಿ, ಯಾಕೆ ಕೂಗುತ್ತಿದೆ ನೋಡಿ ಎಂದು ಅಂದಿನಿಂದ ಪ್ರತಿ ಮನೆಯಲ್ಲೂ ಹೇಳಿದ್ದೇನೆ.

ಎಲ್ಲ ಮನೆಯಲ್ಲೂ ಹೀಗೆ ಸುಲಭಕ್ಕೆ ಮುಗಿಯಲಿಲ್ಲ. ಚಿಂಚೋಳಿ ಕಡೆಯ ಹುಡುಗನೊಬ್ಬನಿಗೆ ಹೊಟ್ಟೆಯ ಕೊಬ್ಬಿನ ಪರದೆ ಪೈಪಿಗೆ ಸುತ್ತಿಕೊಂಡಿತ್ತು. ಹೊಟ್ಟೆ ಸಾಫ್ ಮಾಡಿಸಿದ್ದಾಯಿತು, ನಡೆದಾಡಿಸಿದ್ದಾಯಿತು, ಮಗ್ಗುಲು ಬದಲಿಸಿದ್ದಾಯಿತು, ಔಷಧಿಯೂ ಆಯಿತು. ಕೊನೆಗೆ ದುರ್ಬೀನು ಹಾಕಿ ಬಿಡಿಸಬೇಕಾಯಿತು. ಅದು ಹೈದರಾಬಾದಿನಲ್ಲಿ. ವಾಪಸು ಬಂದ ಮೇಲೆ ಎರಡು ವರ್ಷ ಆತ ಚೆನ್ನಾಗಿದ್ದ.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ಆದದ್ದು ನಮ್ಮ ಕಲಬುರಗಿಯಲ್ಲೇ. ದೇಶ ಬಾಗಿಲು ಹಾಕುವ ಮುಂಚೆಯೇ ನಮ್ಮಲ್ಲಿ ರಸ್ತೆಗಳು ಖಾಲಿಯಾದವು. ಮಷಿನ್ ಮೇಲೆ ರಕ್ತ ಶುದ್ಧಿಗೆ ಹೋಗುವವರು ಪಾಸು ಹಿಡಿದು ನಾಕಾಬಂದಿಯಲ್ಲಿ ನಿಲ್ಲುವಾಗ ನನ್ನ ಪೇಶಂಟುಗಳು ಮನೆಯಲ್ಲೇ ಇದ್ದರು. ಚೀಲದ ಲಾರಿ ಬರುತ್ತದೋ ಇಲ್ಲವೋ ಎಂಬ ದಿಗಿಲು ಮಾತ್ರ ಇತ್ತು. ನಾನು ಯಾರ ಮನೆಗೂ ಹೋಗುವಂತಿರಲಿಲ್ಲ. ಆ ತಿಂಗಳುಗಳಲ್ಲಿ ಮೊಬೈಲ್ ವಿಡಿಯೋದಲ್ಲೇ ಲಾಡಿ ನೋಡಿದೆ, ಕ್ಲಾಂಪ್ ನೋಡಿದೆ, ಪೈಪಿನ ದಾರಿ ನೋಡಿದೆ. "ಇನ್ನಷ್ಟ ಕೆಳಗ ಹಿಡೀರಿ ಯವ್ವಾ, ಚೀಲ ಕಾಣಲಿ" ಎಂದು ಕೂಗಿ ಹೇಳಿ ನೀರು ಇಳಿಸಿದ್ದೇನೆ. ಈಗಿನ ಹೊಸ ಮಷಿನ್‌ಗಳು ರಾತ್ರಿ ಎಷ್ಟು ಹೋಯಿತು, ಎಷ್ಟು ಬಂತು ಎಂಬ ಲೆಕ್ಕವನ್ನು ತಾವೇ ಆಸ್ಪತ್ರೆಗೆ ಕಳಿಸುತ್ತವೆ. ಲಾಡಿ ಬಿಗಿದಿದೆ ಎಂದು ಮಾತ್ರ ಅವು ಹೇಳುವುದಿಲ್ಲ.

ಈಗ ತಾಲೂಕು ಆಸ್ಪತ್ರೆಗಳಲ್ಲಿ ಪುಕ್ಕಟೆ ಡಯಾಲಿಸಿಸ್ ಕೇಂದ್ರಗಳಾಗಿವೆ. ಅದು ನಿಜಕ್ಕೂ ಒಳ್ಳೆಯದಾಯಿತು, ಬಡವರ ಜೀವ ಉಳಿದಿದೆ. ಆದರೆ ಆ ಮಷಿನ್‌ಗೆ ಒಬ್ಬರಿಗೆ ಒಂದು ಸಲಕ್ಕೆ 120 ಲೀಟರ್ ಶುದ್ಧ ನೀರು ಬೇಕು, ನಮ್ಮದು ಸುಣ್ಣಕಲ್ಲಿನ ನಾಡು, ಗಡಸು ನೀರು. ಹಳ್ಳಿಯಿಂದ ತಾಲೂಕಿಗೆ ವಾರಕ್ಕೆ ಮೂರು ಸಲ ಬರಲಾರದವರು ಇನ್ನೂ ಇದ್ದಾರೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಶುರುವಾದಾಗ ಹೊಟ್ಟೆಯ ಡಯಾಲಿಸಿಸ್ ಅದರಲ್ಲಿ ಇರಲಿಲ್ಲ. ಅದಕ್ಕೆ ಮಾರ್ಗಸೂಚಿ ಬಂದದ್ದು 2019ರಲ್ಲಿ. ಕಾಗದದಲ್ಲಿ ದಾರಿ ಇದೆ. ನನ್ನ ವಹಿಯಲ್ಲಿ ಮಾತ್ರ ಹೊಸ ಹೆಸರು ಸೇರುವುದು ವರ್ಷ ವರ್ಷಕ್ಕೆ ಕಡಿಮೆಯಾಯಿತು. ನೀರು ಬರವಲ್ದು ಎಂದಾಗ ಫೋನ್ ಎತ್ತುವವರು ಇಲ್ಲದಿದ್ದರೆ ಯಾವ ಡಾಕ್ಟರು ತಾನೇ ಧೈರ್ಯ ಮಾಡಿ ಇದನ್ನು ಬರೆದುಕೊಟ್ಟಾರು?

ನಾನು ನಿವೃತ್ತಳಾದ ಮೇಲೂ ಹಳೆಯ ನಂಬರಿಗೆ ಕರೆ ಬರುತ್ತವೆ. ಆರೋಗ್ಯ ಇಲಾಖೆಯವರಿಗೆ ನನ್ನ ಬೇಡಿಕೆ ಇಷ್ಟೇ: ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿ, ಒಂದೊಂದು ತಾಲೂಕಿಗೆ ಒಬ್ಬ ನರ್ಸಿಗೆ ಈ ಕೆಲಸ ಕಲಿಸಿ, ಅವರ ಕೈಗೊಂದು ಫೋನ್ ಕೊಡಿ. ಕಲಿಸಲು ಕರೆದರೆ ನಾನು ಬರುತ್ತೇನೆ.